ಗಂಟಲಲ್ಲಿ ಸಿಕ್ಕಿಕೊಂಡ ಗೊರಟೆ

ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅನ್ನಿಸಲು ಶುರುವಾಗಿ ಹದಿನಾಲ್ಕು ತಿಂಗಳಾಗಿತ್ತು. ತಮಾಷೆಯೆಂದರೆ ಊಟ ಮಾಡುವಾಗ ಅದು ಇರುತ್ತಿರಲಿಲ್ಲ. ಅನ್ನ, ಚಪಾತಿ, ಇಲ್ಲಿನ ಕಲ್ಲಿನಂಥ ರೈ ಬ್ರೆಡ್ಡು ಕೂಡ ಸಲೀಸಾಗಿ ಇಳಿಯುತ್ತಿತ್ತು. ಬರೀ ಎಂಜಲು ನುಂಗಿದಾಗ ಮಾತ್ರ ಮಾವಿನ ಗೊರಟೆಯೊಂದು ಅಡ್ಡ ಕೂತ ಹಾಗೆ. ನುಂಗಿದರೆ ಇಳಿಯದು, ಕ್ಯಾಕರಿಸಿದರೆ ಬಾರದು. ಆಫೀಸಿನ ಮೀಟಿಂಗುಗಳಲ್ಲಿ ಮಾತಿಗೆ ಮೊದಲು ನಾನು ಗಂಟಲು ಸರಿಮಾಡಿಕೊಳ್ಳುವ ಸದ್ದು ಎಷ್ಟು ಖಾಯಂ ಆಯಿತೆಂದರೆ, ಕ್ಯಾಮೆರಾ ಆಫ್ ಇದ್ದರೂ ನಾನು ಬಂದೆನೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಮ್ಯೂನಿಕ್‌ನಲ್ಲಿ ನಾನು ಹೋಗಬಹುದಾದ ಕಡೆಗೆಲ್ಲ ಹೋದೆ. ಕಿವಿ ಮೂಗು ಗಂಟಲಿನ ಡಾಕ್ಟರು ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡಿದರು. ಹೊಟ್ಟೆಯ ಡಾಕ್ಟರು ಬಾಯಿಂದ ಇಳಿಸಿ ನೋಡಿದರು. ಥೈರಾಯ್ಡ್ ಸ್ಕ್ಯಾನ್ ಆಯಿತು. ಮೂರು ತಿಂಗಳು ಆಸಿಡಿಟಿ ಮಾತ್ರೆ ನುಂಗಿದೆ. ಪ್ರತಿ ರಿಪೋರ್ಟಿನ ಕೊನೆಯಲ್ಲೂ ಒಂದೇ ಮಾತು: 'ಓಹ್ನೆ ಬೆಫುಂಡ್'. ಏನೂ ಕಂಡುಬರಲಿಲ್ಲ ಅಂತ ಅರ್ಥ. ಕಾಯಿಲೆ ಇಲ್ಲ ಅನ್ನುವುದಕ್ಕೂ ಕಾಣಲಿಲ್ಲ ಅನ್ನುವುದಕ್ಕೂ ಇರುವ ವ್ಯತ್ಯಾಸ ನನಗೆ ಅರ್ಥವಾದದ್ದು ಆ ಎರಡು ಪದಗಳಿಂದ.

ಅಮ್ಮನಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. "ಎಂತದೂ ಅಲ್ಲ ಅದು, ಶೀತ ಕಟ್ಟಿದ್ದು. ಜ್ಯೇಷ್ಠಮಧು ಜಗಿ" ಅಂದಳು. ಚಿಕ್ಕಂದಿನಲ್ಲಿ ಸಾಗರದ ಮನೆಯಲ್ಲಿ ಕೆಮ್ಮು ಬಂದರೆ, ದನಿ ಕಟ್ಟಿದರೆ, ಶಾಲೆಯಲ್ಲಿ ಹಾಡುವ ದಿನವಿದ್ದರೆ ಅದೇ ಕಡ್ಡಿ ಕೈಗೆ ಬರುತ್ತಿತ್ತು. ಹೊರಗೆ ಕಂದು ಸಿಪ್ಪೆ, ಒಳಗೆ ಹಳದಿ ನಾರು, ಜಗಿದಷ್ಟೂ ಸಿಹಿ. ಪ್ರತಿ ಸಲ ಊರಿನಿಂದ ಹೊರಡುವಾಗ ಒಂದು ಪೊಟ್ಟಣ ಸೂಟ್‌ಕೇಸಿನ ಮೂಲೆ ಸೇರುತ್ತಿತ್ತು. ಅದನ್ನು ನಾನು ಔಷಧಿ ಅಂತ ಯಾವತ್ತೂ ಎಣಿಸಿದವಳಲ್ಲ.

ಕೊನೆಗೆ ನಮ್ಮ ಮನೆಯ ಡಾಕ್ಟರು ಕಂಪ್ಯೂಟರಿನಿಂದ ಕಣ್ಣು ತೆಗೆದು, ಬಹಳ ಮೆತ್ತಗೆ, "ಸೈಕೋಸೊಮ್ಯಾಟಿಕ್ ಆಸ್ಪತ್ರೆಯ ಬಗ್ಗೆ ಯೋಚಿಸಿದ್ದೀರಾ?" ಅಂದರು. ನನಗೆ ಕೇಳಿಸಿದ್ದು ಹುಚ್ಚಾಸ್ಪತ್ರೆ ಅಂತ. ಬೆಂಗಳೂರಿನಲ್ಲಿ ಓದುವಾಗ ನಿಮ್ಹಾನ್ಸ್ ಮುಂದೆ ಬಸ್ಸು ನಿಂತರೆ ಹುಡುಗರು ಒಬ್ಬರನ್ನೊಬ್ಬರು "ಇಳಿಯೋ ನಿನ್ನ ಸ್ಟಾಪು ಬಂತು" ಅನ್ನುತ್ತಿದ್ದರು. ನಾವೂ ನಕ್ಕವರೇ.

ಜರ್ಮನಿಯಲ್ಲಿ ಇದೊಂದು ಬೇರೆಯೇ ಜಗತ್ತು ಅನ್ನುವುದು ಆಮೇಲೆ ತಿಳಿಯಿತು. ಇಲ್ಲಿ ಮನೋವೈದ್ಯಶಾಸ್ತ್ರ ಬೇರೆ, ಸೈಕೋಸೊಮ್ಯಾಟಿಕ್ ವೈದ್ಯಶಾಸ್ತ್ರ ಬೇರೆ. 1992ರಿಂದ ಅದಕ್ಕೆ ಪ್ರತ್ಯೇಕ ತಜ್ಞ ಪದವಿಯೇ ಇದೆ. ಹೈಡೆಲ್‌ಬರ್ಗಿನ ವಿಕ್ಟರ್ ಫಾನ್ ವೈಟ್ಸೆಕರ್, ಆಮೇಲೆ ಥೂರೆ ಫಾನ್ ಯುಕ್ಸ್‌ಕ್ಯುಲ್ ಅಂಥವರು, ರೋಗಿಯ ದೇಹವನ್ನು ಅವನ ಬದುಕಿನ ಕಥೆಯಿಂದ ಬೇರ್ಪಡಿಸಿ ಓದಬಾರದು ಎಂದು ಹಟ ಹಿಡಿದದ್ದರ ಫಲ. ವಾರಗಟ್ಟಲೆ ಅಲ್ಲೇ ಉಳಿದು ಚಿಕಿತ್ಸೆ ಪಡೆಯಬಹುದು, ವಿಮೆ ಖರ್ಚು ಕೊಡುತ್ತದೆ. ಬೆನ್ನುನೋವಿನ ಬಸ್ ಡ್ರೈವರ್, ಕಿವಿಯಲ್ಲಿ ಸದಾ ಗುಂಯ್‌ಗುಡುವ ಶಾಲಾ ಮೇಡಂ, ಹೊಟ್ಟೆ ಸರಿಯಿಲ್ಲದ ಬ್ಯಾಂಕ್ ಮ್ಯಾನೇಜರ್, ಇಂಥವರೇ ಅಲ್ಲಿರುವುದು.

ಇಷ್ಟು ತಿಳಿದ ಮೇಲೂ ನನ್ನ ಮರ್ಯಾದೆ ಒಪ್ಪಲಿಲ್ಲ. ಹಾಗಾಗಿ ಪಟ್ಟಿಯಲ್ಲಿ ಚೀನೀ ವೈದ್ಯವನ್ನೂ ಸೇರಿಸಿಕೊಂಡ ಆಸ್ಪತ್ರೆಯೊಂದನ್ನು ಆರಿಸಿದೆ. ಜರ್ಮನಿಯಲ್ಲಿ ಇಂಥ ಮೊದಲನೆಯದು 1991ರಲ್ಲಿ ಬವೇರಿಯಾದ ಕಾಡಿನಂಚಿನ ಬಾಡ್ ಕ್ಯೋಟ್ಸ್‌ಟಿಂಗ್ ಎಂಬಲ್ಲಿ ಶುರುವಾಯಿತು. ನಾನು ಹೋದದ್ದು ಅದಲ್ಲ, ಬೇರೆ. ಚೀನೀ ವೈದ್ಯ ಶ್ರೇಷ್ಠ ಎಂಬ ನಂಬಿಕೆಯಿಂದ ಆರಿಸಿದೆನೆಂದರೆ ಸುಳ್ಳಾಗುತ್ತದೆ. "ಸೂಜಿ ಚುಚ್ಚಿಸಿಕೊಳ್ಳೋಕೆ ಹೋಗ್ತಿದ್ದೀನಿ" ಅನ್ನುವುದು "ಮನಸ್ಸಿನ ಆಸ್ಪತ್ರೆಗೆ ಹೋಗ್ತಿದ್ದೀನಿ" ಅನ್ನುವುದಕ್ಕಿಂತ ಸುಲಭವಿತ್ತು, ಅಷ್ಟೇ. ಅಮ್ಮನಿಗೆ "ಧರ್ಮಸ್ಥಳದ ಶಾಂತಿವನ ಇದ್ಯಲ್ಲ, ಆ ಥರದ್ದು" ಅಂದೆ. "ಹಾಗಾದ್ರೆ ಹೋಗಿ ಬಾ. ಖಾರ ಉಪ್ಪು ಕೊಡೂದಿಲ್ಲ, ಅಷ್ಟೇ" ಅಂದಳು. ಉಪ್ಪಿನ ವಿಷಯ ಬಿಟ್ಟರೆ ಅವಳು ಹೇಳಿದ್ದು ಸರಿಯಾಗಿತ್ತು.

ಸೇರುವ ಮೊದಲು ತುಂಬಬೇಕಾದ ಅರ್ಜಿ ಹನ್ನೊಂದು ಪುಟದ್ದು. ಏಳನೇ ಪುಟದಲ್ಲಿ, ಚಹಾ, ಗಿಡಮೂಲಿಕೆ, ಪುಡಿ, ಆಹಾರಪೂರಕ ಏನಾದರೂ ತೆಗೆದುಕೊಳ್ಳುತ್ತೀರಾ ಎಂಬ ಪ್ರಶ್ನೆ. 'ಇಲ್ಲ' ಎಂದು ಬರೆದೆ. ರಕ್ತದೊತ್ತಡಕ್ಕೆ ನುಂಗುತ್ತಿದ್ದ, ಮೂತ್ರ ಹೆಚ್ಚಿಸುವ ಮಾತ್ರೆಯ ಹೆಸರನ್ನು ಮಾತ್ರ ಜಾಗ್ರತೆಯಿಂದ ನೋಡಿ ಬರೆದೆ.

ಚೀನೀ ವೈದ್ಯರನ್ನು ಅಲ್ಲಿ ಎಲ್ಲರೂ ಪ್ರೊಫೆಸರ್ ಎನ್ನುತ್ತಿದ್ದರು. ಅರವತ್ತರ ಆಸುಪಾಸು, ಚೆಂಗ್ದುವಿನಲ್ಲಿ ಕಲಿತವರು. ಜೊತೆಗೆ ದುಭಾಷಿ ಹುಡುಗಿ. ನನ್ನ ಮುಂಗೈಯನ್ನು ಚಿಕ್ಕ ದಿಂಬಿನ ಮೇಲೆ ಇಟ್ಟು ಮೂರು ಬೆರಳಿನಿಂದ ನಾಡಿ ಹಿಡಿದರು. ಒಂದೊಂದು ಬೆರಳನ್ನೂ ಬೇರೆಬೇರೆಯಾಗಿ ಒತ್ತಿ, ಸಡಿಲಿಸಿ, ಮತ್ತೆ ಒತ್ತಿ. ಎರಡೂ ಕೈಯಲ್ಲಿ ಮೂರು ಮೂರು ಜಾಗ, ಒಂದೊಂದರಲ್ಲೂ ಒಂದೊಂದು ಅಂಗದ ಸುದ್ದಿ. ನಮ್ಮೂರಿನ ಪಂಡಿತರೂ ಹೀಗೇ ಮೂರು ಬೆರಳಿಟ್ಟು ವಾತ, ಪಿತ್ತ, ಕಫ ಅನ್ನುತ್ತಿದ್ದರು. ಕಣ್ಣು ಮುಚ್ಚಿಕೊಂಡ ರೀತಿಯೂ ಅದೇ. ಆಮೇಲೆ ನಾಲಿಗೆ ಚಾಚಲು ಹೇಳಿದರು. ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು. ಅಂಚಿನಲ್ಲಿ ಹಲ್ಲಿನ ಗುರುತು, ಮೇಲೆ ತೆಳು ಬಿಳಿ ಲೇಪ ಎಂದು ಬರೆದುಕೊಂಡರು.

"ಗಂಟಲಲ್ಲಿ ಏನೋ ಕೂತ ಹಾಗೆ" ಎಂದು ನಾನು ವಿವರಿಸಲು ಹೊರಟಾಗ ದುಭಾಷಿ ಎರಡು ಮಾತು ಹೇಳುವಷ್ಟರಲ್ಲೇ ಪ್ರೊಫೆಸರ್ ತಲೆಯಾಡಿಸಿದರು. "ಮೇಯ್‌ಹ ಛಿ." ಅಂದರೆ ಪ್ಲಮ್ ಹಣ್ಣಿನ ಗೊರಟೆಯ ಛಿ. ಛಿ ಅಂದರೆ ನಾವು ಪ್ರಾಣ, ವಾಯು ಅನ್ನುವಂಥದ್ದು. ಹದಿನೆಂಟು ಶತಮಾನಗಳ ಹಿಂದೆ ಹಾನ್ ರಾಜವಂಶದ ಕೊನೆಗಾಲದಲ್ಲಿದ್ದ ಝಾಂಗ್ ಝೋಂಗ್‌ಜಿಂಗ್ ಎಂಬ ವೈದ್ಯನ ಪುಸ್ತಕದಲ್ಲಿ ಇದೇ ತೊಂದರೆ ಹೆಂಗಸರ ಕಾಯಿಲೆಗಳ ಭಾಗದಲ್ಲಿದೆಯಂತೆ, ಗಂಟಲಿಗೆ ಸುಟ್ಟ ಮಾಂಸದ ಚೂರು ಅಂಟಿದ ಹಾಗೆ ಅನ್ನುವ ಹೋಲಿಕೆಯೊಂದಿಗೆ. ಯುರೋಪಿನವರು ಇದನ್ನೇ 'ಗ್ಲೋಬಸ್ ಹಿಸ್ಟೆರಿಕಸ್' ಎಂದು ಕರೆದು ಹೆಂಗಸರ ಗರ್ಭಕೋಶಕ್ಕೆ ಗಂಟುಹಾಕಿದ್ದರು. ಈಗ ಹಿಸ್ಟೀರಿಯಾ ಉದುರಿ ಗ್ಲೋಬಸ್ ಉಳಿದಿದೆ. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಒಬ್ಬರು ನನ್ನ ಗೊರಟೆಯನ್ನು ಗೊರಟೆ ಎಂದೇ ಕರೆದಿದ್ದರು. ನನಗೆ ಅಲ್ಲೇ ಅಳು ಬಂತು. ದುಭಾಷಿ ಹುಡುಗಿ ಟಿಶ್ಯೂ ಡಬ್ಬಿಯನ್ನು ತಳ್ಳಿದಳು. ಅದು ಆ ಮೇಜಿನ ಮೇಲೆ ಯಾವಾಗಲೂ ಇರುತ್ತದೆ ಅಂತ ಆಮೇಲೆ ಗೊತ್ತಾಯಿತು.

ಇಲ್ಲೊಂದು ಮಾತು ಸೇರಿಸಬೇಕು. ಆಸ್ಪತ್ರೆಯ ಕಾರಿಡಾರಿನ ಭಿತ್ತಿಚಿತ್ರದಲ್ಲಿ 'ಐದು ಸಾವಿರ ವರ್ಷದ ಜ್ಞಾನ' ಎಂದು ಬರೆದಿತ್ತು. ಇಂಥ ಸಾವಿರಗಳ ಮೇಲೆ ನನಗೆ ಗುಮಾನಿ. ನಮ್ಮಲ್ಲೂ ಸಾಕಷ್ಟು ಕೇಳಿದ್ದೇವಲ್ಲ. ಹಳೆಯ ಪುಸ್ತಕಗಳು ಇರುವುದು ನಿಜ. ಆದರೆ ಇವತ್ತು ಪಠ್ಯಕ್ರಮವಾಗಿ ಕಲಿಸುವ ಚೀನೀ ವೈದ್ಯ ಒಂದು ಅಚ್ಚಿಗೆ ಬಂದದ್ದು 1950ರ ದಶಕದಲ್ಲಿ. 1956ರಲ್ಲಿ ಬೀಜಿಂಗ್, ಶಾಂಘೈ, ಗ್ವಾಂಗ್‌ಝೌ, ಚೆಂಗ್ದು ನಾಲ್ಕು ಕಡೆ ಸರ್ಕಾರ ಕಾಲೇಜು ತೆರೆಯಿತು. ಚೀನೀ ಮತ್ತು ಪಾಶ್ಚಾತ್ಯ ವೈದ್ಯವನ್ನು ಕೂಡಿಸುವುದು ಆ ಕಾಲದ ಅಧಿಕೃತ ನೀತಿ. ಹಳ್ಳಿಗಳಿಗೆ ಸಾಕಾಗುವಷ್ಟು ಡಾಕ್ಟರುಗಳು ಇಲ್ಲದ ದೇಶದ ತುರ್ತೂ ಅದರ ಹಿಂದಿತ್ತು. ಪ್ರೊಫೆಸರ್ ಸ್ವತಃ ಕಾಲೇಜಿನಲ್ಲಿ ಅಂಗರಚನೆ, ಜೀವರಸಾಯನ ಓದಿದವರು. ಅವರ ಊರಿನ ಆಸ್ಪತ್ರೆಯಲ್ಲಿ ನಾಡಿ ಹಿಡಿದ ಮೇಲೆ ಸಿಟಿ ಸ್ಕ್ಯಾನಿಗೂ ಕಳಿಸುತ್ತಾರೆ. ಕೂಡಿಸುವಿಕೆ ನಮಗೆ ಹೊಸ ಪ್ರಯೋಗ, ಅವರಿಗೆ ದಿನದ ನೌಕರಿ.

ಬೆಳಿಗ್ಗೆ ಏಳಕ್ಕೆ ಹುಲ್ಲಿನ ಮೇಲೆ ಛಿಗಾಂಗ್. ಎಂಟಕ್ಕೆ ಕಷಾಯದ ಬಾಟಲಿ. ಪಿನೆಲಿಯಾ ಗಡ್ಡೆ, ಮ್ಯಾಗ್ನೋಲಿಯಾ ತೊಗಟೆ, ಶುಂಠಿ, ಇನ್ನೂ ಏನೇನೋ, ಜೊತೆಗೆ ಸ್ವಲ್ಪ ಗಾನ್‌ತ್ಸಾವ್ ಅಂತ ಚೀಟಿಯಲ್ಲಿತ್ತು. ಕೊನೆಯದು ಏನೆಂದು ನಾನು ಕೇಳಲಿಲ್ಲ. ರುಚಿ ಮಳೆಯಲ್ಲಿ ನೆನೆದ ಕಟ್ಟಿಗೆಯದ್ದು. ವಾರಕ್ಕೆ ಮೂರು ದಿನ ಸೂಜಿ: ಮಣಿಕಟ್ಟಿನ ಒಳಗೆ, ಪಾದದ ಹೆಬ್ಬೆರಳ ಸಂದಿಯಲ್ಲಿ, ಗಂಟಲ ಗುಳಿಯಲ್ಲಿ. ನೋಯುವುದಿಲ್ಲ, ಜೋಮು ಹಿಡಿದಂಥ ಭಾರವೊಂದು ಹರಡುತ್ತದೆ. ಉಳಿದ ಹೊತ್ತು ಗುಂಪಿನಲ್ಲಿ ಮಾತು, ಒಬ್ಬಳೇ ಥೆರಪಿಸ್ಟ್ ಮುಂದೆ ಮಾತು, ಮಣ್ಣು ಕಲಸುವುದು, ಬಣ್ಣ ಬಳಿಯುವುದು. ಸಂಜೆ ಐದೂವರೆಗೆ ತಣ್ಣನೆಯ ಬ್ರೆಡ್ಡು, ಚೀಸು, ಸೌತೆಕಾಯಿ. ಆಮೇಲೆ ಮಲಗುವವರೆಗೆ ಏನೂ ಇಲ್ಲ.

ಆ ಏನೂ ಇಲ್ಲದ ಹೊತ್ತಿಗೆ ಜ್ಯೇಷ್ಠಮಧು ಬಂತು. ಮೊದಲ ಭಾನುವಾರ ನೋಡಲು ಬಂದ ಗಂಡ, ಅಮ್ಮ ಯಾರದೋ ಕೈಲಿ ಕಳಿಸಿದ ದೊಡ್ಡ ಪೊಟ್ಟಣವನ್ನು ತಂದುಕೊಟ್ಟ. ಕಿಟಕಿಯ ಪಕ್ಕ ಕೂತು ಜಗಿಯುತ್ತಿದ್ದೆ. ಮೊದಲು ಸಂಜೆ ಒಂದು ಕಡ್ಡಿ. ಆಮೇಲೆ ಗುಂಪಿನ ಮಾತು ಮುಗಿದ ತಕ್ಷಣ ಒಂದು. ಎರಡನೇ ವಾರದ ಕೊನೆಗೆ ಲೆಕ್ಕ ತಪ್ಪಿತ್ತು.

ಥೆರಪಿಸ್ಟ್ ನನಗಿಂತ ಚಿಕ್ಕವಳು. ಎರಡನೇ ಭೇಟಿಯಲ್ಲೇ, "ನೀವು ಏನನ್ನು ನುಂಗಿಕೊಂಡಿದ್ದೀರಿ?" ಎಂದು ಕೇಳಿದಳು. ಸಿಟ್ಟು ಬಂತು. ಇಷ್ಟು ಸಲೀಸಾಗಿ ಉಪಮೆ ಮಾಡಲು ನಾನೇನು ಕವಿತೆಯೇ? ಆದರೂ ಕೇಳಿದ ಪ್ರಶ್ನೆ ಕೇಳಿದ್ದೇ. ಅಪ್ಪ ಹೋದ ಮೇಲೆ ಎರಡೆಕರೆ ಅಡಿಕೆ ತೋಟ ಮಾರುವುದೆಂದು ಅಣ್ಣ ನಿರ್ಧರಿಸಿದ್ದ. "ನಿಂಗೆ ಬೇಕಿತ್ತಾ?" ಎಂದು ಫೋನಿನಲ್ಲಿ ಕೇಳಿದ. "ನಂಗೆಂತಕ್ಕೆ" ಅಂದೆ. ಮ್ಯೂನಿಕ್‌ನ ಕಾನ್ಸುಲೇಟಿಗೆ ಹೋಗಿ ಪವರ್ ಆಫ್ ಅಟಾರ್ನಿಗೆ ಸಹಿ ಹಾಕಿ ಕಳಿಸಿದೆ. ಅಲ್ಲಿ ಹಳ್ಳದ ಪಕ್ಕ ಒಂದು ಅಪ್ಪೆಮಿಡಿ ಮರವಿತ್ತು. ಸೊನೆಯ ಪರಿಮಳಕ್ಕೇ ಹೆಸರಾದ ಮರ. ಕೊಂಡವರು ಅದನ್ನು ಕಡಿಸಿದರು ಎಂದು ಅಮ್ಮ ಯಾವುದೋ ಮಾತಿನ ಮಧ್ಯೆ ಹೇಳಿದಳು. ಹೌದಾ ಅಂದೆ. ಫೋನಿಟ್ಟು ಮೀಟಿಂಗಿಗೆ ಹೋದೆ.

ಇದನ್ನು ಹೇಳಿದಾಗ ಥೆರಪಿಸ್ಟ್ ಮುಖದಲ್ಲಿ ಬೀಗದ ಕೈ ಸಿಕ್ಕ ಬೆಳಕು. ನಾನು ಡೈರಿ ತೆಗೆದು ತೋರಿಸಿದೆ. ಗಂಟಲಿಗೆಂದು ಮೊದಲ ಸಲ ಡಾಕ್ಟರಲ್ಲಿಗೆ ಹೋದದ್ದು ಕಾನ್ಸುಲೇಟಿಗೆ ಹೋಗುವುದಕ್ಕೆ ಮೂರು ವಾರ ಮೊದಲು. ಮರ ಬಿದ್ದದ್ದು ಇನ್ನೂ ಎಷ್ಟೋ ತಿಂಗಳ ಮೇಲೆ. "ದೇಹಕ್ಕೆ ಮೊದಲೇ ಗೊತ್ತಾಗಿರುತ್ತದೆ" ಅಂದಳು ನಗುತ್ತ. ಇಂಥ ಉತ್ತರವನ್ನು ಯಾವ ತಾರೀಖೂ ಸೋಲಿಸಲಾರದು. ನನ್ನ ವೃತ್ತಿ ಸಾಫ್ಟ್‌ವೇರ್ ಪರೀಕ್ಷಿಸುವುದು. ಏನೇ ಬಂದರೂ ತಾನು ಸರಿ ಅನ್ನುವ ಪ್ರೋಗ್ರಾಂ ಕಂಡರೆ ನಮಗೆ ಭಯ.

ಆದರೆ ಮರದ ಬಗ್ಗೆ ಮಾತಾಡಿದ ದಿನ ನನ್ನ ದನಿ ನಡುಗಿದ್ದೂ ಸುಳ್ಳಲ್ಲ. ಆರ್ಥರ್ ಕ್ಲೈನ್‌ಮನ್ ಎಂಬ ಅಮೆರಿಕದ ಮನೋವೈದ್ಯ 1980ರಲ್ಲಿ ಚೀನಾದ ಹುನಾನ್‌ನಲ್ಲಿ ಮಾಡಿದ ಅಧ್ಯಯನವೊಂದನ್ನು ಥೆರಪಿಸ್ಟೇ ಹೇಳಿದಳು. ನರದೌರ್ಬಲ್ಯ ಎಂಬ ಹಣೆಪಟ್ಟಿ ಹೊತ್ತ ನೂರು ರೋಗಿಗಳು. ತಲೆನೋವು, ನಿದ್ದೆಯಿಲ್ಲ, ತಲೆಸುತ್ತು ಎಂದು ಬಂದವರು. ಅವರಲ್ಲಿ 87 ಮಂದಿಗೆ ಪಾಶ್ಚಾತ್ಯ ಮಾನದಂಡದಲ್ಲಿ ಖಿನ್ನತೆ ಇತ್ತು. ಸಾಂಸ್ಕೃತಿಕ ಕ್ರಾಂತಿಯಲ್ಲಿ ಕೆಲಸ, ಮನೆ, ಮಕ್ಕಳನ್ನು ಕಳೆದುಕೊಂಡ ಕಥೆಗಳು ಅವರ ತಲೆನೋವಿನ ಹಿಂದಿದ್ದವು. 'ನನಗೆ ದುಃಖ' ಎನ್ನುವುದು ಅಪಾಯವಾಗಿದ್ದ ಕಾಲದಲ್ಲಿ 'ನನಗೆ ತಲೆನೋವು' ಅನ್ನಬಹುದಿತ್ತು. ಖಿನ್ನತೆಯ ಮಾತ್ರೆ ಕೊಟ್ಟಾಗ ಹಲವರಿಗೆ ಗುಣ ಕಂಡಿತು, ಆದರೆ ನೌಕರಿಯ, ಮನೆಯ ತಾಪತ್ರಯ ಹಾಗೇ ಇದ್ದವರ ನರಳಾಟ ಪೂರ್ತಿ ನಿಲ್ಲಲಿಲ್ಲ. ನನಗೆ ಯಾವ ಮಾವೋ ಕಾಟವೂ ಇರಲಿಲ್ಲ. ಅಣ್ಣ ಒಳ್ಳೆಯವನೇ. ಹಾಗಿದ್ದೂ 'ನಂಗೆ ಬೇಕು' ಅನ್ನುವ ಎರಡು ಪದ ಬಾಯಿಗೆ ಬಂದಿರಲಿಲ್ಲ.

ಮೂರನೇ ವಾರ, ಮರದ ಮಾತಾಡಿದ ದಿನದ ರಾತ್ರಿ, ಎರಡು ಗಂಟೆಗೆ ಎಚ್ಚರವಾಯಿತು. ಎದೆ ಡವಡವ ಹೊಡೆಯುತ್ತಿದೆ. ನಡುನಡುವೆ ಒಂದು ಬಡಿತ ತಪ್ಪಿ ಮೆಟ್ಟಿಲು ಜಾರಿದ ಹಾಗೆ. ಮೀನಖಂಡ ಕಲ್ಲಾಗಿದೆ. ಎದ್ದು ಬಾತ್‌ರೂಮಿಗೆ ಹೋಗಲು ಗೋಡೆ ಹಿಡಿಯಬೇಕಾಯಿತು. ಗುಂಡಿ ಒತ್ತಿದೆ. ನರ್ಸ್ ಬಂದು ಬಿಪಿ ನೋಡಿದಳು: 172. "ಇವತ್ತು ಥೆರಪಿ ಕಷ್ಟದ್ದಿತ್ತಾ?" ಎಂದು ಕೇಳಿದಳು. ಹೌದು ಅಂದೆ. ಕೈ ಹಿಡಿದು ಉಸಿರಾಟ ಎಣಿಸಿಸಿದಳು. ನನಗೂ ಅದೇ ಸರಿ ಅನ್ನಿಸಿತ್ತು. ಅಪ್ಪೆಮಿಡಿ ಮರ ಎದೆಯೊಳಗೆ ಬೀಳುತ್ತಿದೆ ಎಂಬ ವಿವರಣೆ ಎಷ್ಟು ಚೆಂದ! ಒಂದು ವಾರ ಇದ್ದಿದ್ದರೆ ಅದನ್ನೇ ಹಿಡಿದುಕೊಂಡು ನಾನು ಸತ್ತೂ ಹೋಗುತ್ತಿದ್ದೆನೇನೋ.

ಉಳಿಸಿದ್ದು ಡ್ಯೂಟಿಯಲ್ಲಿದ್ದ ಕಿರಿಯ ಡಾಕ್ಟರು. ಆತ ಉಸಿರಾಟ ಎಣಿಸಲಿಲ್ಲ, ಫೈಲು ತೆಗೆದ. ಗಿಡಮೂಲಿಕೆ ಕುಡಿಯುವ ರೋಗಿಗಳಿಗೆಲ್ಲ ವಾರಕ್ಕೊಮ್ಮೆ ರಕ್ತ ಪರೀಕ್ಷೆ ಅಲ್ಲಿನ ನಿಯಮ. ಮೊದಲ ವಾರ ನನ್ನ ಪೊಟ್ಯಾಷಿಯಮ್ 4.1, ಎರಡನೇ ವಾರ 3.5. ಆಗಲೇ ಆತ ಪ್ರೊಫೆಸರರಿಗೆ ಹೇಳಿದ್ದ, ಅವರು ಕಷಾಯದಿಂದ ಗಾನ್‌ತ್ಸಾವ್ ತೆಗೆದುಹಾಕಿದ್ದರು. ಅಂದರೆ ಈಗ ಏರಬೇಕಿತ್ತು. ಇಸಿಜಿ ತೆಗೆದ, ರಕ್ತ ಕಳಿಸಿದ. ಬೆಳಗಾಗುವಷ್ಟರಲ್ಲಿ ಬಂದ ಅಂಕಿ 2.8. ಅಷ್ಟಕ್ಕೆ ಇಳಿದರೆ ಹೃದಯದ ಲಯ ಕೈಕೊಡಬಹುದು. ಏಳೂವರೆಗೆ ನಾನು ಜಿಲ್ಲಾಸ್ಪತ್ರೆಯ ಹೃದಯ ವಿಭಾಗದಲ್ಲಿ, ಎದೆಗೆ ತಂತಿಗಳು, ಕೈಗೆ ಡ್ರಿಪ್ಪು.

ಅಲ್ಲಿ ಎರಡು ದಿನ. "ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ?" ಮತ್ತೆ ಅದೇ ಪ್ರಶ್ನೆ. "ಇಲ್ಲ." ಬಿಪಿ ಮಾತ್ರೆಯ ಮೇಲೆ ಅನುಮಾನ ಬಂದು ಅದನ್ನು ನಿಲ್ಲಿಸಿದರು. ಆದರೆ ಅದೊಂದರಿಂದಲೇ ಬಿಪಿ ಏರಿ ಪೊಟ್ಯಾಷಿಯಮ್ ಇಷ್ಟು ಬೇಗ ಇಳಿಯುವುದು ಹೊಂದುತ್ತಿರಲಿಲ್ಲ. ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ಗಡ್ಡೆ ಇರಬಹುದೆಂದು ಹಾರ್ಮೋನಿನ ಪರೀಕ್ಷೆಗೆ ರಕ್ತ ಕಳಿಸಿದರು, ಸ್ಕ್ಯಾನಿಗೆ ದಿನ ಗೊತ್ತುಮಾಡಿದರು. ಗಡ್ಡೆ ಎಂಬ ಪದ ಕೇಳಿ ಗಂಡ ಬಿಳುಚಿಕೊಂಡ. ಜ್ಯೇಷ್ಠಮಧುವಿನ ಪೊಟ್ಟಣ ಅಲ್ಲಿ, ಸೈಕೋಸೊಮ್ಯಾಟಿಕ್ ಆಸ್ಪತ್ರೆಯ ಕೋಣೆಯ ಡ್ರಾಯರಿನಲ್ಲಿತ್ತು. ಅದರ ನೆನಪೂ ನನಗಾಗಲಿಲ್ಲ ಎಂದರೆ ಅರ್ಧ ನಿಜ.

ಹಿಂದಿರುಗಿದ ದಿನ ಪ್ರೊಫೆಸರ್ ನಾಲಿಗೆ ನೋಡಿದರು. ಟಾರ್ಚು ಆರಿಸಿ, ಮತ್ತೆ ಹಚ್ಚಿ, ಮತ್ತೆ ನೋಡಿದರು. ಹಳೆಯ ಟಿಪ್ಪಣಿ ತಿರುವಿಹಾಕಿದರು. ಎರಡನೇ ವಾರದಿಂದ ನನ್ನ ನಾಲಿಗೆಯ ಮೇಲೆ ಹಳದಿ ಲೇಪ ಕಾಣುತ್ತಿತ್ತಂತೆ. ಹಳದಿ ಅಂದರೆ ಒಳಗೆ ಉಷ್ಣ. ಅದನ್ನು ತಣಿಸಲೆಂದು ಅವರು ಕಷಾಯ ಬದಲಿಸುತ್ತ ಬಂದಿದ್ದರು. ಈಗ ಹಳದಿ ಪೂರ್ತಿ ಮಾಯ. "ಒಳಗಿನ ಉಷ್ಣ ಎರಡು ದಿನದಲ್ಲಿ ಹೋಗುವುದಿಲ್ಲ. ಹೊರಗಿನ ಬಣ್ಣ ಹೋಗುತ್ತದೆ" ಎಂದು ದುಭಾಷಿಯ ಬಾಯಲ್ಲಿ ಹೇಳಿಸಿದರು. ಆಮೇಲೆ ನನ್ನನ್ನೇ ನೋಡುತ್ತ, ದುಭಾಷಿ ಇಲ್ಲದೆ, ತಮ್ಮ ಮುರುಕು ಜರ್ಮನ್‌ನಲ್ಲಿ ಕೇಳಿದರು: "ಇಲ್ಲಿ ತಿಂದದ್ದು, ಅಲ್ಲಿ ತಿನ್ನದ್ದು, ಏನು?"

ಡ್ರಾಯರು ಎಳೆದು ಪೊಟ್ಟಣ ತಂದು ಮೇಜಿನ ಮೇಲಿಟ್ಟೆ. ಅವರು ಒಂದು ಕಡ್ಡಿ ಎತ್ತಿಕೊಂಡು, ಮುರಿದು, ಮೂಸಿ, ತುದಿಯನ್ನು ನಾಲಿಗೆಗೆ ತಾಗಿಸಿದರು. "ಗಾನ್‌ತ್ಸಾವ್" ಅಂದರು. ಸಿಹಿ ಹುಲ್ಲು. ಅವರು ಕಷಾಯದಿಂದ ತೆಗೆದದ್ದನ್ನೇ ನಾನು ಹತ್ತಾರು ಪಟ್ಟು ಜಗಿಯುತ್ತ ಕೂತಿದ್ದೆ. ಅವರಿಗೆ ಸಿಟ್ಟು ಬಂದಿತ್ತು. "ಇಷ್ಟು ದಿನ ನಿಮ್ಮ ನಾಲಿಗೆ ಓದುತ್ತಿದ್ದೇನೆ ಅಂದುಕೊಂಡಿದ್ದೆ. ನಿಮ್ಮ ತಾಯಿಯ ಔಷಧಿ ಓದುತ್ತಿದ್ದೆ."

ಆ ಬುಧವಾರ ತಂಡದ ಸಭೆಗೆ ನನ್ನನ್ನೂ ಕರೆದರು. ಮುಖ್ಯ ವೈದ್ಯರು, ಪ್ರೊಫೆಸರ್, ದುಭಾಷಿ, ಕಿರಿಯ ಡಾಕ್ಟರು, ಔಷಧಾಲಯದ ಹೆಂಗಸು, ಥೆರಪಿಸ್ಟ್. ನಮ್ಮ ಮೂತ್ರಪಿಂಡದಲ್ಲಿ ಒಂದು ಕಿಣ್ವವಿದೆ, ಕಾರ್ಟಿಸೋಲ್ ಎಂಬ ಹಾರ್ಮೋನು ಅಲ್ಲಿ ಅನಗತ್ಯ ಅಧಿಕಾರ ಚಲಾಯಿಸದಂತೆ ಅದು ಕಾಯುತ್ತದೆ. ಜ್ಯೇಷ್ಠಮಧುವಿನ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ಆ ಕಾವಲನ್ನು ತಡೆಯುತ್ತದೆ. ಆಗ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಂಡು ಪೊಟ್ಯಾಷಿಯಮ್ ಹೊರಗೆ ಚೆಲ್ಲುತ್ತದೆ, ಬಿಪಿ ಏರುತ್ತದೆ. ನನ್ನ ಮಾತ್ರೆಯೂ ಪೊಟ್ಯಾಷಿಯಮ್ ಚೆಲ್ಲುವಂಥದ್ದೇ. ಎರಡೂ ಸೇರಿ ಕೆಲಸ ಕೆಡಿಸಿದ್ದವು. ಕೆಲವು ದಿನಗಳಲ್ಲಿ ಬಂದ ಹಾರ್ಮೋನಿನ ರಿಪೋರ್ಟೂ ಹೊಂದಿತು: ಗಡ್ಡೆ ಇದ್ದರೆ ಹೆಚ್ಚಿರಬೇಕಿದ್ದ ಆಲ್ಡೋಸ್ಟೆರೋನ್ ತೀರಾ ಕಡಿಮೆ ಇತ್ತು. ಸ್ಕ್ಯಾನ್ ರದ್ದಾಯಿತು.

ಮುಖ್ಯ ವೈದ್ಯರು ಗದರಲಿಲ್ಲ. ಬೆಲ್ಜಿಯಂನ ಘಟನೆ ಹೇಳಿದರು. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆಯ ಗುಳಿಗೆ ನುಂಗಿದ ಹೆಂಗಸರ ಮೂತ್ರಪಿಂಡಗಳು ಒಬ್ಬೊಬ್ಬರದಾಗಿ ಸೋತವು. ಹೆಸರಿನಲ್ಲಿ ಹತ್ತಿರವಿದ್ದ ಎರಡು ಮೂಲಿಕೆಗಳಲ್ಲಿ ಒಂದರ ಬದಲು ಇನ್ನೊಂದು ಬಂದಿತ್ತು, ಬಂದದ್ದರಲ್ಲಿ ಅರಿಸ್ಟೊಲೋಕಿಕ್ ಆಮ್ಲವಿತ್ತು. ಆಮೇಲೆ ಕೆಲವರಲ್ಲಿ ಕ್ಯಾನ್ಸರೂ ಕಂಡಿತು. ಅಂದಿನಿಂದ ಇಲ್ಲಿಗೆ ಬರುವ ಪ್ರತಿ ಮೂಲಿಕೆಯನ್ನೂ ಪ್ರಯೋಗಾಲಯದಲ್ಲಿ ಗುರುತುಹಿಡಿದೇ ಕುದಿಸುತ್ತಾರೆ. "ನಾವು ಎಲ್ಲ ಬಾಗಿಲಿಗೂ ಬೀಗ ಹಾಕಿದ್ದೆವು. ನಿಮ್ಮ ಡ್ರಾಯರಿಗೆ ಮಾತ್ರ ಹಾಕಿರಲಿಲ್ಲ" ಅಂದರು. ಎಲ್ಲರೂ ನಕ್ಕರು. ಥೆರಪಿಸ್ಟ್ ನಗಲಿಲ್ಲ. "ಮೂರು ಸಲ ಕೇಳಿದಾಗಲೂ ಇಲ್ಲ ಅಂದಿರಿ. ಯಾಕೆ?" ಎಂದಳು. ಈ ಸಲ ಅವಳ ಮುಖದಲ್ಲಿ ಬೀಗದ ಕೈ ಇರಲಿಲ್ಲ, ನಿಜವಾಗಿ ಗೊತ್ತಿಲ್ಲದವರ ಪ್ರಶ್ನೆ ಅದು. ಹೇಳಿದರೆ ನಿಲ್ಲಿಸಿ ಅನ್ನುತ್ತೀರಿ ಅಂತ, ಅಂದೆ. ಅದೊಂದೇ ನನ್ನದು ಅಂತ ಉಳಿದಿತ್ತು, ಅಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯ.

ಚೀನೀ ವೈದ್ಯದಲ್ಲಿ ಗಾನ್‌ತ್ಸಾವ್ ಇಲ್ಲದ ಕಷಾಯಗಳು ಕಡಿಮೆ ಎಂದು ದುಭಾಷಿ ಹುಡುಗಿ ಆಮೇಲೆ ಹೇಳಿದಳು. ಅದರ ಕೆಲಸ ಜಗಳಗಂಟಿ ಮೂಲಿಕೆಗಳನ್ನು ಒಪ್ಪಿಸಿ ಕೂಡಿಸುವುದು. ಅದಕ್ಕೇ ಅದಕ್ಕೆ 'ರಾಜ್ಯದ ಹಿರಿಯ' ಎಂಬ ಅಡ್ಡಹೆಸರಿದೆಯಂತೆ. ಆಸ್ಪತ್ರೆಯ ಕೆಳಗಿನ ಅಂಗಡಿಯಲ್ಲಿ ಅದೇ ಬೇರಿನ ಕಪ್ಪು ಮಿಠಾಯಿ ಮಾರುತ್ತಿದ್ದರು, ಜರ್ಮನರ ಲಾಕ್ರಿಟ್ಸ್. ಒಂದು ಪಟ್ಟಣವನ್ನು ತಿರುಗಿಸಿ ನೋಡಿದೆ. ರಕ್ತದೊತ್ತಡ ಇರುವವರು ಅತಿಯಾಗಿ ತಿನ್ನಬಾರದು ಎಂದು ಚಿಕ್ಕ ಅಕ್ಷರದಲ್ಲಿ ಬರೆದಿತ್ತು. ಯುರೋಪಿನಲ್ಲಿ ಒಂದು ಪ್ರಮಾಣ ಮೀರಿದರೆ ಹಾಗೆ ಬರೆಯುವುದು ಕಡ್ಡಾಯ. ಮಿಠಾಯಿಗೆ ಇರುವ ಎಚ್ಚರಿಕೆ ಅಮ್ಮನ ಪೊಟ್ಟಣಕ್ಕೆ ಎಲ್ಲಿಂದ ಬರಬೇಕು?

ಇನ್ನೂ ಎರಡೂವರೆ ವಾರ ಅಲ್ಲಿದ್ದೆ. ಸೂಜಿ ಮುಂದುವರಿಯಿತು. ಪಕ್ಕದ ಹಾಸಿಗೆಯ ಬಸ್ ಡ್ರೈವರ್ ಸೂಜಿಯ ಪರಮಭಕ್ತ, ಅವನ ಬೆನ್ನು ನಿಜಕ್ಕೂ ನೆಟ್ಟಗಾಗುತ್ತಿತ್ತು. ಜರ್ಮನಿಯಲ್ಲಿ ಇದರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಬೆನ್ನುನೋವಿನ 1,162 ರೋಗಿಗಳು. ಆರು ತಿಂಗಳ ಮೇಲೆ, ಚೀನೀ ಲೆಕ್ಕದ ಸರಿಯಾದ ಜಾಗದಲ್ಲಿ ಸೂಜಿ ಚುಚ್ಚಿಸಿಕೊಂಡವರಲ್ಲಿ ಶೇ. 47.6 ಮಂದಿಗೆ ಗುಣ ಕಂಡಿತು. ಬೇಕೆಂದೇ ತಪ್ಪು ಜಾಗದಲ್ಲಿ, ಮೇಲೆಮೇಲೆ ಚುಚ್ಚಿಸಿಕೊಂಡವರಲ್ಲಿ 44.2. ಮಾತ್ರೆ, ವ್ಯಾಯಾಮದ ಮಾಮೂಲಿ ಚಿಕಿತ್ಸೆಯಲ್ಲಿ 27.4. ಆ ಪ್ರಯೋಗಗಳ ನಂತರ ಸೊಂಟ ಮತ್ತು ಮಂಡಿಯ ನೋವಿಗೆ ಸರ್ಕಾರಿ ವಿಮೆ ಸೂಜಿಯ ಖರ್ಚು ಕೊಡತೊಡಗಿತು. ಈ ಅಂಕಿಗಳನ್ನು ಭಕ್ತರೂ ಎತ್ತಿಹೇಳುತ್ತಾರೆ, ವಿರೋಧಿಗಳೂ. ಸೂಜಿ ಎಲ್ಲಿ ಚುಚ್ಚಿದರೂ ಹೆಚ್ಚುಕಡಿಮೆ ಒಂದೇ ಅಂದಮೇಲೆ ನಾಡಿಮಾರ್ಗಗಳ ನಕ್ಷೆ ಎಲ್ಲಿ ಉಳಿಯಿತು? ಮಾಮೂಲಿ ಚಿಕಿತ್ಸೆ ಅದರ ಅರ್ಧ ದಾರಿಯಲ್ಲೇ ನಿಂತಿತು ಅಂದಮೇಲೆ ಅದರ ಹೆಮ್ಮೆ ಎಲ್ಲಿ? ನನಗೆ ಕಾಣುವುದು ಇಷ್ಟು: ಸೂಜಿ ಚುಚ್ಚುವವರು ಪಕ್ಕದಲ್ಲಿ ಕೂತು, ಮುಟ್ಟಿ, ಕೇಳಿ, ಹೋದ ಸಲದ್ದನ್ನು ನೆನಪಿಟ್ಟುಕೊಂಡು ಮಾತಾಡುತ್ತಾರೆ. ನನ್ನ ಗಂಟಲೊಳಗೆ ಕ್ಯಾಮೆರಾ ಇಳಿಸಿದವರು ಏಳು ನಿಮಿಷ ಕೊಟ್ಟಿದ್ದರು. ಆದರೆ ಪೊಟ್ಯಾಷಿಯಮ್ ಲೆಕ್ಕ ಹಾಕಿದ ಹುಡುಗನೂ ಆ ಕಡೆಯವನೇ.

ಗೊರಟೆ ಈಗ ಪೂರ್ತಿ ಹೋಗಿಲ್ಲ. ಸಣ್ಣದಾಗಿದೆ, ಕೆಲವು ದಿನ ಇರುವುದೇ ಇಲ್ಲ. ಕಷಾಯದಿಂದಲೋ, ಸೂಜಿಯಿಂದಲೋ, ಮಾತಿನಿಂದಲೋ, ಆರು ವಾರ ಆಫೀಸಿಲ್ಲದ್ದರಿಂದಲೋ ಯಾರೂ ಹೇಳಲಾರರು. ಮೂರೂ ಕಡೆಯವರು ತಮ್ಮದೆನ್ನಲಿಲ್ಲ ಅನ್ನುವುದು ನನಗೆ ಹಿಡಿಸಿತು. ಬಿಡುಗಡೆಯ ಪತ್ರದಲ್ಲಿ ಗ್ಲೋಬಸ್ ಎಂದೂ, ಅದರ ಕೆಳಗೆ ಮೇಯ್‌ಹ ಛಿ ಎಂದೂ, ಇನ್ನೂ ಕೆಳಗೆ ಜ್ಯೇಷ್ಠಮಧುವಿನಿಂದ ಪೊಟ್ಯಾಷಿಯಮ್ ಕೊರತೆ ಎಂದೂ ಇದೆ.

ಮನೆಗೆ ಬಂದ ವಾರ ಅಣ್ಣನಿಗೆ ಫೋನು ಮಾಡಿದೆ. "ತೋಟ ಮಾರುವಾಗ ನಂಗೆ ಬೇಕು ಅಂತ ಹೇಳ್ಬೇಕಿತ್ತು, ಹೇಳ್ಲಿಲ್ಲ" ಅಂದೆ. ಅವನು ಬಹಳ ಹೊತ್ತು ಸುಮ್ಮನಿದ್ದ. "ನಂಗೂ ಬೇಕಿತ್ತು ಮಾರಾಯ್ತಿ. ಸಾಲ ಇತ್ತು" ಅಂದ. ಯಾವ ಸಾಲ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಮುಂದಿನ ಸಲ ಕೇಳಬೇಕು.

ಅಮ್ಮನಿಗೆ ಜ್ಯೇಷ್ಠಮಧುವಿನ ಕಥೆ ಹೇಳಲು ಇನ್ನೂ ಎರಡು ವಾರ ಹಿಡಿಯಿತು. ಪೂರ್ತಿ ಕೇಳಿಸಿಕೊಂಡಳು. "ಅಷ್ಟೆಲ್ಲ ಜಗಿ ಅಂತ ಯಾರು ಹೇಳಿದ್ರು ನಿಂಗೆ? ಒಂದು ಚೂರು ಸಾಕು ಅಂತ ಹೇಳಿದ್ದೆ" ಅಂದಳು. ಹೇಳಿರಲಿಲ್ಲ. ಸ್ವಲ್ಪ ತಡೆದು, "ಹಾಗಾದ್ರೆ ಅದು ಬಿಡು. ಒಂದೆಲಗ ಒಣಗಿಸಿ ಪುಡಿ ಮಾಡಿಟ್ಟಿದ್ದೀನಿ, ಕಳಿಸ್ಲಾ?"

"ಅದರ ಸಸ್ಯಶಾಸ್ತ್ರದ ಹೆಸರು ಬರೆದು ಕಳಿಸು" ಅಂದೆ. "ಡಾಕ್ಟರಿಗೆ ತೋರಿಸ್ತೀನಿ."

"ಒಂದೆಲಗಕ್ಕೆ ಒಂದೆಲಗ ಅಂತಲೇ ಹೆಸರು" ಅಂದಳು ಅಮ್ಮ.